ಮುದಿ ಪೀಪಾಯಿಗಳ ಮೇಲೆ ಗರಗಸ

1983ರಲ್ಲಿ ಉತ್ತರ ಇಟಲಿಯ ಲಾ ಮೊರ್ರಾ ಎಂಬ ಹಳ್ಳಿಯಲ್ಲಿ ಎಲಿಯೊ ಆಲ್ತಾರೆ ಎಂಬ ಯುವ ರೈತನೊಬ್ಬ ಮರ ಕೊಯ್ಯುವ ಯಂತ್ರದ ಗರಗಸ ಹಿಡಿದು ತನ್ನ ತಂದೆಯ ನೆಲಮಾಳಿಗೆಗೆ ಇಳಿದ. ಅಲ್ಲಿ ಸಾಲಾಗಿ ನಿಂತಿದ್ದ ಭಾರಿ ಗಾತ್ರದ ಹಳೆಯ ಮರದ ಪೀಪಾಯಿಗಳನ್ನು ಕೊಯ್ದು ತುಂಡು ತುಂಡು ಮಾಡಿದ. ಅವುಗಳ ಜಾಗದಲ್ಲಿ ಫ್ರಾನ್ಸ್ ಮಾದರಿಯ ಪುಟ್ಟ ಹೊಸ ಪೀಪಾಯಿಗಳು ಬಂದವು. ತಂದೆಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ, ಮಗನನ್ನು ಆಸ್ತಿಯಿಂದಲೇ ಹೊರಗಿಟ್ಟರು.

ಮರದ ಡಬ್ಬಿಗಳಿಗಾಗಿ ತಂದೆ ಮಕ್ಕಳು ಹೀಗೆ ಬೇರೆಯಾಗುವುದುಂಟೆ ಎಂದು ಓದುಗರಿಗೆ ಅನಿಸಬಹುದು. ಆದರೆ ಆ ಪೀಪಾಯಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ಜಗಳದ ತಿರುಳು ಅರ್ಥವಾಗುತ್ತದೆ. ಈ ಲೇಖಕ ವೈನ್ ಕುಡಿಯುವವನಲ್ಲ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಹುದುಗುವಿಕೆಯ ಸಮೀಕರಣ ಬರೆದವನ ಕುತೂಹಲವಷ್ಟೆ ಇಲ್ಲಿರುವುದು.

ಪಿಯೆಮೊಂಟೆ ಪ್ರಾಂತ್ಯದಲ್ಲಿ ತಾನಾರೊ ನದಿಯ ಪಕ್ಕ ಆಲ್ಬಾ ಎಂಬ ಪಟ್ಟಣವಿದೆ. ಅದರ ದಕ್ಷಿಣಕ್ಕೆ ಹಬ್ಬಿರುವ ಗುಡ್ಡಗಳ ಸಾಲಿಗೆ ಲಾಂಗೆ ಎಂದು ಹೆಸರು. ಅಲ್ಲಿನ ಹನ್ನೊಂದು ಊರುಗಳ ದ್ರಾಕ್ಷಿಯಿಂದ ಮಾಡುವ ಕೆಂಪು ವೈನ್ ಬರೋಲೊ. ಹಣ್ಣಿನ ತಳಿ ಒಂದೇ, ನೆಬ್ಬಿಯೊಲೊ. ಇಟಾಲಿಯನ್ ಭಾಷೆಯಲ್ಲಿ 'ನೆಬ್ಬಿಯಾ' ಎಂದರೆ ಮಂಜು. ಕೊಯ್ಲಿನ ಹೊತ್ತಿಗೆ ಕಣಿವೆಗಳಲ್ಲಿ ಮಂಜು ಕವಿಯುವುದರಿಂದ ಈ ಹೆಸರು ಬಂತೆಂದು ಹಲವರು ಹೇಳುತ್ತಾರೆ. ಬಹಳ ತಕರಾರಿನ ಬಳ್ಳಿ ಇದು. ಎಲ್ಲಕ್ಕಿಂತ ಮೊದಲು ಚಿಗುರಿ, ಎಲ್ಲಕ್ಕಿಂತ ಕೊನೆಗೆ ಹಣ್ಣಾಗುತ್ತದೆ. ಮೊದಲೇ ಚಿಗುರಿದ್ದಕ್ಕೆ ವಸಂತದ ಹಿಮದ ಭಯ, ತಡವಾಗಿ ಮಾಗುವುದಕ್ಕೆ ಅಕ್ಟೋಬರಿನ ಮಳೆಯ ಭಯ. ದಕ್ಷಿಣಕ್ಕೆ ಮುಖ ಮಾಡಿದ, ಬಿಸಿಲು ಚೆನ್ನಾಗಿ ಬೀಳುವ ಇಳಿಜಾರನ್ನೇ ಅದಕ್ಕೆ ಮೀಸಲಿಡುತ್ತಾರೆ.

ಅಲ್ಲಿನ ರೈತ ಬಳ್ಳಿಗೆ ಹೊಡೆಯುವ ಔಷಧಿಯನ್ನು ನಮ್ಮ ಮಲೆನಾಡಿನ ಯಾವ ಅಡಿಕೆ ಬೆಳೆಗಾರನಾದರೂ ಕಣ್ಣು ಮುಚ್ಚಿ ಗುರುತಿಸಬಲ್ಲ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ! 1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ದ್ರಾಕ್ಷಿ ಎಲೆಯ ಬೂಜು ರೋಗಕ್ಕೆಂದು ಇದನ್ನು ಪ್ರಕಟಿಸಿದ. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಅದಕ್ಕೂ ಇದೇ ಮದ್ದೆಂದು ತೋರಿಸಿದರು. ದ್ರಾಕ್ಷಿ ತೋಟಕ್ಕೂ ತೀರ್ಥಹಳ್ಳಿಯ ಅಡಿಕೆ ಕೊನೆಗೂ ಹೀಗೊಂದು ನೀಲಿ ಬಣ್ಣದ ನಂಟು.

ಲಾಂಗೆ ಇಂದು ಸಿರಿವಂತ ಸೀಮೆ. ಐವತ್ತು ಅರವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. ಬೆಪ್ಪೆ ಫೆನೊಲಿಯೊ 1954ರಲ್ಲಿ ಬರೆದ 'ಲಾ ಮಲೋರಾ' ಕಾದಂಬರಿಯಲ್ಲಿ ಈ ಗುಡ್ಡಗಳ ಬಡತನವೇ ವಸ್ತು. ಹೆಚ್ಚಿನ ರೈತರು ತಾವು ವೈನ್ ಮಾಡುತ್ತಿರಲಿಲ್ಲ. ಕೊಯ್ದ ಹಣ್ಣನ್ನು ಆಲ್ಬಾ ಪೇಟೆಗೆ ತಂದು ದಲ್ಲಾಳಿಯ ಮುಂದೆ ಕಾಯಬೇಕು. ಹೊತ್ತು ಏರಿದಂತೆ ಹಣ್ಣು ಬಾಡುತ್ತದೆ, ದಲ್ಲಾಳಿಗೆ ಅವಸರವಿಲ್ಲ. ನಮ್ಮ ಟೊಮೆಟೊ ಬೆಳೆಗಾರರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಯುವಕರು ಟೂರಿನ್‌ನ ಫಿಯಟ್ ಕಾರ್ಖಾನೆಗೋ, ಆಲ್ಬಾದಲ್ಲೇ ಇದ್ದ ಫೆರೆರೊ ಚಾಕೊಲೇಟ್ ಕಾರ್ಖಾನೆಗೋ ಹೊರಟರು. ಉಳಿದ ಕೆಲವೇ ಕುಟುಂಬಗಳು ಹಣ್ಣು ಮಾರುವ ಬದಲು ತಮ್ಮ ಹೆಸರಿನಲ್ಲೇ ಸೀಸೆ ತುಂಬುವ ಧೈರ್ಯ ಮಾಡಿದವು.

ಅಂಥದ್ದೊಂದು ಕುಟುಂಬ ಬರೋಲೊ ಊರಿನ ಮಸ್ಕರೆಲ್ಲೊ ಅವರದು. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಜೂಲಿಯೊ ಮಸ್ಕರೆಲ್ಲೊ ಆರಂಭಿಸಿದ ಕಸುಬು ಅದು. ಅವರ ಮಗ ಬಾರ್ತೊಲೊ, ಈಗ ಮೊಮ್ಮಗಳು ಮರಿಯಾ ತೆರೇಸಾ. ಒಟ್ಟು ತೋಟ ಸುಮಾರು 5 ಹೆಕ್ಟೇರ್, ಎಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡು ಎಕರೆ ಚಿಲ್ಲರೆ.

ತೊಟ್ಟಿಯೊಳಗಿನ ಬಿರುಗಾಳಿ

ಕಪ್ಪು ದ್ರಾಕ್ಷಿಯನ್ನು ಹಿಸುಕಿ ನೋಡಿ. ಒಳಗಿನ ರಸಕ್ಕೆ ಬಣ್ಣವೇ ಇಲ್ಲ. ಕೆಂಪು ಇರುವುದೆಲ್ಲ ಸಿಪ್ಪೆಯಲ್ಲಿ. ಒಗರು ಕೂಡ ಅಲ್ಲೇ ಮತ್ತು ಬೀಜದಲ್ಲಿ. ಎಲೆ ಅಡಿಕೆ ಹಾಕುವವರ ನಾಲಗೆಗೆ ಚೆನ್ನಾಗಿ ಗೊತ್ತಿರುವ ಈ ಒಗರಿಗೆ ರಸಾಯನಶಾಸ್ತ್ರ ಟ್ಯಾನಿನ್ ಎನ್ನುತ್ತದೆ. ಹೀಗಾಗಿ ಕೆಂಪು ವೈನ್ ಮಾಡುವವರು ರಸವನ್ನು ಹಿಂಡಿ ಸಿಪ್ಪೆ ಎಸೆಯುವುದಿಲ್ಲ. ತೊಟ್ಟು ಬಿಡಿಸಿ, ಹಣ್ಣು ಒಡೆದು, ಸಿಪ್ಪೆ ಬೀಜ ಸಮೇತ ತೊಟ್ಟಿಗೆ ತುಂಬುತ್ತಾರೆ. ಮಸ್ಕರೆಲ್ಲೊ ಮನೆಯಲ್ಲಿ ತೊಟ್ಟಿಗಳು ಸಿಮೆಂಟಿನವು. ಹೊರಗಿನಿಂದ ಯೀಸ್ಟ್ ಹಾಕುವುದಿಲ್ಲ. ತೋಟದಿಂದ ಹಣ್ಣಿನೊಡನೆ ಬಂದ, ಮಾಳಿಗೆಯಲ್ಲಿ ಮೊದಲೇ ಮನೆ ಮಾಡಿದ ಯೀಸ್ಟೇ ಸಾಕು. ನಮ್ಮ ಮನೆಯ ದೋಸೆ ಹಿಟ್ಟಿಗೆ ಯಾರು ಯೀಸ್ಟ್ ಹಾಕುತ್ತಾರೆ?

ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 180 ಗ್ರಾಂ ಗ್ಲೂಕೋಸ್‌ಗೆ ಲೆಕ್ಕದ ಪ್ರಕಾರ 92 ಗ್ರಾಂ ಆಲ್ಕೊಹಾಲ್, 88 ಗ್ರಾಂ ಅನಿಲ. ಇದು ಜೀವಿಯ ಕೆಲಸವೆಂದು ಪಾಸ್ಚರ್ ಸಾಧಿಸಿ ತೋರಿಸಿದ್ದು 1850ರ ದಶಕದ ಕೊನೆಯಲ್ಲಿ. ಒಂದು ಲೀಟರ್ ಸಿಹಿ ರಸ ಪೂರ್ತಿ ಹುದುಗಿದರೆ 50 ಲೀಟರಿಗೂ ಹೆಚ್ಚು ಅನಿಲ ಹೊರಬೀಳುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಇದು ನೆಲಮಾಳಿಗೆಯಲ್ಲಿ ನೀರಿನಂತೆ ತಳದಲ್ಲಿ ನಿಲ್ಲುತ್ತದೆ. ಮೇಣದಬತ್ತಿ ಹಿಡಿದು ಇಳಿಯುವುದು ಹಳಬರ ಪದ್ಧತಿ. ಬತ್ತಿ ಆರಿದರೆ ಹಿಂದಕ್ಕೆ ಓಡು ಎಂದರ್ಥ. ಉತ್ತರ ಕರ್ನಾಟಕದ ಹಗೇವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದ ಹಿರಿಯರ ವಿಜ್ಞಾನವೂ ಇದೇ. ಅದನ್ನು ಮರೆತು ಹಗೇವಿನಲ್ಲಿ ಪ್ರಾಣ ಬಿಟ್ಟವರ ಸುದ್ದಿ ನಾವು ಓದುತ್ತಲೇ ಬಂದಿದ್ದೇವೆ.

ಏಳುವ ಅನಿಲ ಸಿಪ್ಪೆಯನ್ನೆಲ್ಲ ಮೇಲೆತ್ತಿ ದಪ್ಪನೆಯ ಮುಚ್ಚಳದಂತೆ ತೇಲಿಸುತ್ತದೆ. ಅದು ಒಣಗಿದರೆ ವಿನೆಗರ್ ಮಾಡುವ ಬ್ಯಾಕ್ಟೀರಿಯ ಹೊಕ್ಕು ಎಲ್ಲ ಕೆಡುತ್ತದೆ. ಅದಕ್ಕಾಗಿ ತಳದಿಂದ ರಸ ತೆಗೆದು ಮೇಲೆ ಸುರಿಯುತ್ತ, ಅಬ್ಬರ ಇಳಿದ ಮೇಲೆ ಸಿಪ್ಪೆ ಮೇಲೇಳದಂತೆ ಹಲಗೆಗಳಿಂದ ಒತ್ತಿ ಮುಳುಗಿಸಿಡುತ್ತಾರೆ. ಹೀಗೆ ಮೂವತ್ತು ದಿನ, ಕೆಲವೊಮ್ಮೆ ಐವತ್ತು ದಿನ. ಇಷ್ಟು ದಿನ ನೆನೆದರೂ ನೆಬ್ಬಿಯೊಲೊ ಬಣ್ಣ ಮಾತ್ರ ತಿಳಿ. ವರ್ಷ ಕಳೆದಂತೆ ಅದು ಹಳೆಯ ಇಟ್ಟಿಗೆಯ ಛಾಯೆಗೆ ತಿರುಗುತ್ತದೆ. ಒಗರು ಮಾತ್ರ ಬಾಯಿ ಹಿಂಡುವಷ್ಟು.

ಇಲ್ಲೊಂದು ಸ್ವಾರಸ್ಯವಿದೆ. 19ನೇ ಶತಮಾನದ ಮೊದಲ ಭಾಗದಲ್ಲಿ ಬರೋಲೊ ಸಿಹಿ ವೈನ್ ಆಗಿತ್ತು! ತಡವಾಗಿ ಕೊಯ್ದ ಹಣ್ಣು ಹುದುಗತೊಡಗುವಷ್ಟರಲ್ಲಿ ನವೆಂಬರ್ ಚಳಿ ಬಂದು ಯೀಸ್ಟ್ ಕೈಕಾಲು ಮಡಚಿ ಕೂರುತ್ತಿತ್ತು. ಸಕ್ಕರೆ ಹಾಗೇ ಉಳಿಯುತ್ತಿತ್ತು. ಪುಷ್ಯಮಾಸದಲ್ಲಿ ಇಡ್ಲಿ ಹಿಟ್ಟು ಉಬ್ಬದೆ ಗೃಹಿಣಿಯರು ಪೇಚಾಡುವುದಿಲ್ಲವೆ, ಹಾಗೆ. ಶತಮಾನದ ನಡುವಿನಲ್ಲಿ ಮಾಳಿಗೆಯ ಕ್ರಮಗಳು ಸುಧಾರಿಸಿದ ಮೇಲೆಯೇ ಈಗಿನ ಬರೋಲೊ ಹುಟ್ಟಿದ್ದು. 'ಸಂಪ್ರದಾಯ' ಎಂದು ನಾವು ಕರೆಯುವುದು ಕೂಡ ಒಂದು ಕಾಲದ ಸುಧಾರಣೆಯೇ.

ಹುದುಗಿದ ರಸವನ್ನು ಬಸಿದು ಪೀಪಾಯಿಗೆ ತುಂಬುತ್ತಾರೆ. ಉಳಿದ ಹಿಪ್ಪೆ ಗ್ರಾಪ್ಪ ಎಂಬ ಸಾರಾಯಿ ಬಟ್ಟಿ ಇಳಿಸುವವರಿಗೆ ಹೋಗುತ್ತದೆ. ಇನ್ನು ಎರಡನೆಯ ಕೆಲಸಗಾರನ ಸರದಿ. ಒಂದು ಜಾತಿಯ ಬ್ಯಾಕ್ಟೀರಿಯ ಚುರುಕಾದ ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ. ಕಾಯಿಸದ ಮಾಳಿಗೆಯಲ್ಲಿ ಇದು ಚಳಿ ಕಳೆದು ವಸಂತ ಬಂದಾಗ ನಡೆಯುವುದುಂಟು. ತೋಟ ಚಿಗುರುವಾಗ ಪೀಪಾಯಿಯೂ ಎಚ್ಚರವಾಗುತ್ತದೆ ಎಂದು ಹಳಬರು ನಂಬಿದ್ದರಲ್ಲಿ ತಪ್ಪೇನಿಲ್ಲ. ಎರಡಕ್ಕೂ ಕಾರಣ ಒಂದೇ ಶಾಖ.

ದೊಡ್ಡದೋ ಚಿಕ್ಕದೋ

ಈಗ ಗರಗಸದ ಪ್ರಶ್ನೆಗೆ ಬರೋಣ. ಸಂಪ್ರದಾಯದವರ ಪೀಪಾಯಿ ಕ್ರೊಯೇಷಿಯಾದ ಸ್ಲಾವೋನಿಯಾ ಸೀಮೆಯ ಓಕ್ ಮರದ್ದು. ಎರಡು ಸಾವಿರ ಲೀಟರಿನಿಂದ ಹಿಡಿದು ಹತ್ತು ಸಾವಿರ ಲೀಟರ್ ಹಿಡಿಯುವಂಥವೂ ಇವೆ. ದಶಕಗಟ್ಟಲೆ ಬಾಳುತ್ತವೆ, ಮರದ ವಾಸನೆ ಯಾವಾಗಲೋ ಹೋಗಿರುತ್ತದೆ. ಫ್ರೆಂಚರ ಬಾರಿಕ್ ಪೀಪಾಯಿ 225 ಲೀಟರಿನದು, ಹೊಸ ಮರ. ಐದು ಸಾವಿರ ಲೀಟರಿನ ಪೀಪಾಯಿಗೆ ಹೋಲಿಸಿದರೆ ಬಾರಿಕ್‌ನಲ್ಲಿ ಪ್ರತಿ ಲೀಟರ್ ವೈನ್‌ಗೆ ತಗಲುವ ಮರದ ಮೇಲ್ಮೈ ಸುಮಾರು 2.8 ಪಟ್ಟು ಹೆಚ್ಚು. ಗಾತ್ರದ ಅನುಪಾತ 22, ಅದರ ಘನಮೂಲ ತೆಗೆದು ನೋಡಿ. ಮೇಲ್ಮೈ ಹೆಚ್ಚಿದಂತೆ ಒಳಸೋರುವ ಆಮ್ಲಜನಕ ಹೆಚ್ಚು, ಮರದ ಪರಿಮಳವೂ ಹೆಚ್ಚು. ಐಸ್‌ಕ್ರೀಮಿನಲ್ಲಿ ಘಮಘಮಿಸುವ ವೆನಿಲಿನ್ ಅಣುವೇ ಹೊಸ ಓಕ್‌ನಿಂದಲೂ ಇಳಿಯುತ್ತದೆ.

ಆಲ್ತಾರೆ 1976ರಲ್ಲಿ ಫ್ರಾನ್ಸಿನ ಬರ್ಗಂಡಿಗೆ ಹೋಗಿ, ತಮ್ಮಷ್ಟೇ ಸಣ್ಣ ಹಿಡುವಳಿಯ ರೈತರು ಅಲ್ಲಿ ಅನುಕೂಲವಾಗಿ ಬಾಳುವುದನ್ನು ಕಂಡು ಬಂದಿದ್ದರು. ಊರಿನಲ್ಲಿ ನೋಡಿದರೆ, ಕೊಳೆ ಬೂಜು ಹಿಡಿದ ಮುದಿ ಪೀಪಾಯಿ, ಕುಡಿಯಲು ಹತ್ತು ವರ್ಷ ಕಾಯಬೇಕಾದ ಒಗರು ವೈನ್, ಕೊಳ್ಳುವವರಿಲ್ಲ. ಸಿಪ್ಪೆ ನೆನೆಸುವುದನ್ನು ಅವರು ಕೆಲವೇ ದಿನಗಳಿಗೆ ಇಳಿಸಿದರು, ಬಾರಿಕ್ ತಂದರು. ಅವರ ಹಿಂದೆ ಯುವಕರ ಒಂದು ಗುಂಪೇ ಹೊರಟಿತು. ಅಮೆರಿಕದ ಮಾರುಕಟ್ಟೆ ತೆರೆದು, ಗುಡ್ಡಗಳಿಗೆ ಹಣ ಬಂತು. ಗರಗಸ ಹಿಡಿದದ್ದನ್ನು ಬರೀ ಮೊಂಡುತನವೆನ್ನಲಾಗದು.

ನಡುವೆ ಇನ್ನೊಂದು ಸಿಡಿಲು ಬಡಿಯಿತು. 1986ರ ವಸಂತದಲ್ಲಿ ಉತ್ತರ ಇಟಲಿಯಲ್ಲಿ ಅಗ್ಗದ ವೈನ್ ಕುಡಿದು ಇಪ್ಪತ್ತರಷ್ಟು ಮಂದಿ ಸತ್ತರು, ಕೆಲವರು ಕಣ್ಣು ಕಳೆದುಕೊಂಡರು. ನೀರಾದ ವೈನ್‌ಗೆ ಬಲ ತೋರಿಸಲು ಮೆಥನಾಲ್ ಬೆರೆಸಿದ್ದರು. ಇದರ ಮೂಲ ಸಿಕ್ಕಿದ್ದು ಬರೋಲೊ ಸಮೀಪದ ನಾರ್ಜೋಲೆ ಎಂಬ ಊರಿನಲ್ಲಿ. ನಮ್ಮಲ್ಲಿ 1981ರ ಜುಲೈನಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಬಡವರನ್ನು ಕೊಂದ ವಿಷವೂ ಇದೇ. ಮೆಥನಾಲ್ ಶರೀರದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ದ್ರಾಕ್ಷಿ ಸಿಪ್ಪೆಯ ಪೆಕ್ಟಿನ್‌ನಿಂದ ಯಾವ ವೈನ್‌ನಲ್ಲೂ ಲವಲೇಶ ಮೆಥನಾಲ್ ಇದ್ದೇ ಇರುತ್ತದೆ, ಅದು ಹಾನಿ ಮಾಡುವಷ್ಟಲ್ಲ. ಕೊಂದದ್ದು ಲಾಭಕೋರರು ಸುರಿದದ್ದು. ಇಟಲಿಯ ವೈನ್ ಎಂದರೆ ಜಗತ್ತೇ ಮೂಗು ಮುರಿಯಿತು. ಸೀಸೆಯ ಮೇಲೆ ಸ್ವಂತ ಹೆಸರು ಹಾಕಿ ಬದುಕುತ್ತಿದ್ದ ಪ್ರಾಮಾಣಿಕ ಕುಟುಂಬಗಳೂ ಆ ಅಪನಂಬಿಕೆಯ ನೆರಳಿನಲ್ಲೇ ದಿನ ದೂಡಬೇಕಾಯಿತು.

ಬಾರ್ತೊಲೊ ಮಸ್ಕರೆಲ್ಲೊ ಮಾತ್ರ ಜಗ್ಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡಿದ್ದ ಮನುಷ್ಯ. ಮುಪ್ಪಿನಲ್ಲಿ ಗಾಲಿಕುರ್ಚಿ ಹಿಡಿದಾಗ ಕೂತಲ್ಲೇ ಸೀಸೆಯ ಚೀಟಿಗಳಿಗೆ ಚಿತ್ರ ಬರೆಯತೊಡಗಿದರು. ಒಂದು ಚೀಟಿಯ ಮೇಲೆ 'ಬಾರಿಕ್ ಬೇಡ, ಬೆರ್ಲುಸ್ಕೋನಿ ಬೇಡ' ಎಂಬ ಘೋಷಣೆ! ರಾಜಕಾರಣಿಯನ್ನೂ ಪೀಪಾಯಿಯನ್ನೂ ಒಂದೇ ಏಟಿಗೆ ಕೆಡವಿದ ಆ ಚೀಟಿ ಪ್ರಪಂಚವನ್ನೇ ಸುತ್ತಿತು. ಅವರು 2005ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಗಾಳಿ ತಿರುಗತೊಡಗಿತ್ತು. ಇಂದು ಅನೇಕರು ದೊಡ್ಡ ಪೀಪಾಯಿಗೆ ಮರಳಿದ್ದಾರೆ. ಸುಧಾರಕರಿಂದ ಸಂಪ್ರದಾಯದವರೂ ಕಲಿಯದೆ ಇಲ್ಲ, ಮಾಳಿಗೆಯ ಶುಚಿತ್ವ ಅವುಗಳಲ್ಲಿ ಮೊದಲನೆಯದು.

ಕಷ್ಟ ಈಗ ಬೇರೆ ದಿಕ್ಕಿನಿಂದ ಬಂದಿದೆ. ಬೇಸಿಗೆಗಳು ಬಿಸಿಯಾಗಿ ಕೊಯ್ಲು ಮುಂಚೆ ಬರುತ್ತಿದೆ. ಹಣ್ಣಿನ ಸಕ್ಕರೆ ಬೇಗ ಏರಿದರೂ ಸಿಪ್ಪೆ ಬೀಜ ಅದೇ ವೇಗದಲ್ಲಿ ಮಾಗುವುದಿಲ್ಲ. 2014ರಲ್ಲಿ ಯುನೆಸ್ಕೊ ಈ ಗುಡ್ಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯ ಇಳಿಜಾರಿನ ಒಂದು ಹೆಕ್ಟೇರ್ ತೋಟಕ್ಕೆ ಹತ್ತು ಲಕ್ಷ ಯೂರೋ ದಾಟಿದ ಬೆಲೆ. ಮನೆಯಲ್ಲಿ ನಾಲ್ವರು ಮಕ್ಕಳಿದ್ದು ಒಬ್ಬರಿಗೆ ಮಾತ್ರ ವ್ಯವಸಾಯ ಬೇಕಿದ್ದರೆ, ಉಳಿದ ಮೂವರ ಪಾಲನ್ನು ಸೀಸೆ ಮಾರಿ ತೀರಿಸುವುದು ಹೇಗೆ? 2016ರಲ್ಲಿ ವಿಯೆತ್ತಿ ಎಂಬ ಹೆಸರಾಂತ ಕುಟುಂಬದ ಮಾಳಿಗೆ ಅಮೆರಿಕದ ಉದ್ಯಮಿಯ ಪಾಲಾಯಿತು.

ಮರಿಯಾ ತೆರೇಸಾ ನಾಲ್ಕು ಇಳಿಜಾರುಗಳ ಹಣ್ಣನ್ನು ಈಗಲೂ ಒಂದೇ ವೈನ್ ಆಗಿ ಬೆರೆಸುತ್ತಾರೆ. ಅವುಗಳಲ್ಲೊಂದಾದ ಕನ್ನೂಬಿ ಗುಡ್ಡದ ಹೆಸರನ್ನು ಬೇರೆಯಾಗಿ ಸೀಸೆಯ ಮೇಲೆ ಅಚ್ಚು ಹಾಕಿದರೆ ಹೆಚ್ಚಿನ ಬೆಲೆ ಸಿಗುತ್ತದೆ. ತಂದೆಯೂ ಹಾಗೆ ಮಾಡಲಿಲ್ಲ, ಮಗಳೂ ಮಾಡಿಲ್ಲ. ಕಾನೂನಿನ ಪ್ರಕಾರ ಬರೋಲೊ ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ. ಎಂದರೆ 2024ರಲ್ಲಿ ಕೊಯ್ದ ಹಣ್ಣಿನ ಮೊದಲ ಸೀಸೆ ಅಂಗಡಿಗೆ ಬರುವುದು 2028ರ ಜನವರಿಯಲ್ಲಿ.