ಅಡುಗೆಮನೆಯ ಗ್ರಾನೈಟ್ ಕಟ್ಟೆ: ಮನೆಯವರೇ ಕೂರಿಸಬಹುದೇ?

ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿ ನದಿಗೆ ಕಟ್ಟಿದ ಬೋರನಕಣಿವೆ ಜಲಾಶಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ. ಪಕ್ಕದ ತಿಪಟೂರು, ತುರುವೇಕೆರೆಗಳನ್ನೂ ಸೇರಿಸಿಕೊಂಡರೆ ಇದು ತೆಂಗಿನ ಸೀಮೆ. ಕೊಬ್ಬರಿಗೆ ಒಳ್ಳೆಯ ಬೆಲೆ ಸಿಕ್ಕರೆ ಇಲ್ಲಿ ಮೊದಲು ನೆನಪಾಗುವುದು ಮನೆಯ ದುರಸ್ತಿ. ನೆಲದ ಒಲೆ ಹೋಗಿ ಕಡಪ ಕಲ್ಲಿನ ಕಟ್ಟೆ ಬಂದಿತ್ತು. ಈಗ ಅದರ ಜಾಗಕ್ಕೆ ಗ್ರಾನೈಟ್ ಬರುತ್ತಿದೆ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಕೂಲಿ ಉಳಿಸಲು ತಾವೇ ಈ ಕೆಲಸಕ್ಕೆ ಕೈ ಹಾಕುವುದೂ ಉಂಟು. ಕಲ್ಲು ಕೊಯ್ಯುವ ಯಂತ್ರ ಅಂಗಡಿಯಲ್ಲಿ ಸಿಗುತ್ತದೆ, ವಿಧಾನ ಮೊಬೈಲಿನಲ್ಲಿ ಸಿಗುತ್ತದೆ. ಆದರೆ ಇದು ಮನೆಯವರು ಮಾಡಬಹುದಾದ ಕೆಲಸವೇ?

ಮೊದಲು ತೂಕದ ಲೆಕ್ಕ ನೋಡೋಣ. ಗ್ರಾನೈಟ್‌ನ ಒಂದು ಘನ ಮೀಟರ್ ಸುಮಾರು 2,700 ಕಿಲೊ ತೂಗುತ್ತದೆ. ಈ ಲೆಕ್ಕದಲ್ಲಿ 10 ಅಡಿ ಉದ್ದ, 2 ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಚಪ್ಪಡಿಯ ತೂಕ ಸುಮಾರು 90 ಕಿಲೊ. ಕ್ವಿಂಟಲ್ ಕೊಬ್ಬರಿಗೆ ಹತ್ತು ಕಿಲೊ ಮಾತ್ರ ಕಡಿಮೆ. ಚೀಲ ಕೈಜಾರಿ ಬಿದ್ದರೆ ಕೊಬ್ಬರಿಗೆ ನಷ್ಟವಿಲ್ಲ. ಕಲ್ಲು ಬಿದ್ದರೆ ಕಾಲಿಗೂ ಕಲ್ಲಿಗೂ ಉಳಿವಿಲ್ಲ. ಕಲ್ಲು ಮೇಲಿನಿಂದ ಬೀಳುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಬಾಗುವಿಕೆಯನ್ನು ತಡೆಯುವುದಿಲ್ಲ. ಆದ್ದರಿಂದಲೇ ಅನುಭವಸ್ಥರು ಚಪ್ಪಡಿಯನ್ನು ಮಲಗಿಸಿ ಹೊರುವುದಿಲ್ಲ, ಬಾಗಿಲಿನಂತೆ ನಿಲ್ಲಿಸಿಕೊಂಡು ಸಾಗಿಸುತ್ತಾರೆ. ಸಿಂಕ್‌ಗಾಗಿ ಕಿಂಡಿ ತೆಗೆದ ಮೇಲೆ ಹಿಂದೆ ಮುಂದೆ ಉಳಿಯುವ ಕೆಲವೇ ಅಂಗುಲದ ಪಟ್ಟಿಗಳು ಅತ್ಯಂತ ದುರ್ಬಲ. ಅಲ್ಲಿ ಕೆಳಗಿನ ಆಧಾರ ಪೊಳ್ಳಾಗಿದ್ದರೆ, ಕಟ್ಟೆಯ ಅಂಚಿಗೆ ತೆಂಗಿನಕಾಯಿ ಕುಟ್ಟಿ ಒಡೆಯುವ ಅಭ್ಯಾಸ ಒಂದು ದಿನ ಬಿರುಕು ತರುತ್ತದೆ.

ಎರಡನೆಯದು, ಇನ್ನೂ ಗಂಭೀರವಾದದ್ದು, ಕೊಯ್ಯುವ ಕೆಲಸ. ಗ್ರಾನೈಟ್‌ನಲ್ಲಿ ಬೆಣಚಿನ ಅಂಶ ಸಾಮಾನ್ಯವಾಗಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು. ಒಣಗಲ್ಲನ್ನು ಕೊಯ್ದಾಗ ಅದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಿಲಿಕಾ ಧೂಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಗಾಯದ ಕಲೆಗಳನ್ನುಂಟುಮಾಡುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಈ ಧೂಳನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಬೆಣಚಿನ ಪುಡಿಯನ್ನು ರಾಳದೊಂದಿಗೆ ಬೆರೆಸಿ ತಯಾರಿಸುವ ಕೃತಕ ‘ಕ್ವಾರ್ಟ್ಜ್’ ಚಪ್ಪಡಿಗಳಲ್ಲಿ ಸಿಲಿಕಾ ಶೇ 90ನ್ನೂ ಮೀರಬಹುದು. ಅವುಗಳನ್ನು ಕೊಯ್ಯುವ ಕಾರ್ಮಿಕರಲ್ಲಿ ರೋಗ ಹೆಚ್ಚಿದ ಕಾರಣ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವನ್ನೇ ನಿಷೇಧಿಸಿದೆ.

ನೀರು ಹರಿಸುತ್ತಾ ಕೊಯ್ದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಆದರೆ ವಿದ್ಯುತ್ ಯಂತ್ರ ಮತ್ತು ನೀರು ಒಂದೇ ಕೈಯಲ್ಲಿರುವಾಗ, ಇಎಲ್‌ಸಿಬಿ ಅಳವಡಿಸದ ಹಳೆಯ ಮನೆಯಲ್ಲಿ ವಿದ್ಯುದಾಘಾತದ ಭಯವಿದೆ. ಒಣಗಿ ಕೊಯ್ದರೆ ಧೂಳು, ಒದ್ದೆ ಮಾಡಿ ಕೊಯ್ದರೆ ವಿದ್ಯುತ್. ಅಭ್ಯಾಸವಿಲ್ಲದವರು ಈ ಯಂತ್ರವನ್ನು ಹಿಡಿಯದಿರುವುದೇ ಕ್ಷೇಮ.

ಹಾಗೆಂದು ಕೂಲಿ ಕೊಟ್ಟ ಮಾತ್ರಕ್ಕೆ ಮನೆಯವರ ಹೊಣೆ ತೀರುವುದಿಲ್ಲ. ಒಂದು ದಿನ ಧೂಳು ಕುಡಿಯುವ ಯಜಮಾನನಿಗಿಂತ, ದಿನವೂ ಮುಖಕ್ಕೆ ಟವೆಲ್ ಸುತ್ತಿಕೊಂಡು ಕೊಯ್ಯುವ ಹುಡುಗನಿಗೆ ಅಪಾಯ ಹೆಚ್ಚು. ಬಟ್ಟೆ ಈ ಧೂಳನ್ನು ತಡೆಯುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸ್ಥಗಿತಗೊಳಿಸುವ ಮುನ್ನ ಗಣಿ ಧೂಳಿನ ಕಾಟ ಕಂಡಿದ್ದ ಸೀಮೆಗೆ ಈ ಮಾತು ಹೊಸದಾಗಿ ವಿವರಿಸಬೇಕಾದದ್ದಲ್ಲ. ಅಳತೆ ಕೊಟ್ಟು, ಕಲ್ಲಿನ ಕಾರ್ಖಾನೆಯಲ್ಲೇ ನೀರಿನಡಿ ಕೊಯ್ಸಿ, ಸಿಂಕ್‌ನ ಕಿಂಡಿಯನ್ನೂ ಅಂಚಿನ ದುಂಡನ್ನೂ ಅಲ್ಲಿಯೇ ಮುಗಿಸಿ ತರಿಸುವುದು ಉತ್ತಮ. ಮನೆಯಲ್ಲಿ ಸಣ್ಣಪುಟ್ಟ ಕೊಯ್ತ ಉಳಿದರೆ ಅದು ಬಯಲಿನಲ್ಲಿ, ನೀರಿನೊಡನೆ, ಎನ್-95 ಮಾಸ್ಕ್ ಧರಿಸಿಯೇ ಆಗಬೇಕು. ಮಾಸ್ಕ್‌ನ ಖರ್ಚು ಮನೆಯವರದ್ದಾಗಲಿ.

ಮನೆಯವರು ತಾವೇ ಮಾಡಬಹುದಾದ, ಮಾಡಲೇಬೇಕಾದ ಕೆಲಸಗಳೂ ಇವೆ. ಹಳೆಯ ಗೋಡೆಗಳ ಮೂಲೆ ನೇರವಾಗಿರುವುದು ಅಪರೂಪ. ಮೂಲೆಯಿಂದ ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ. ಗುರುತುಗಳ ನಡುವಿನ ಅಂತರ ಸರಿಯಾಗಿ 5 ಅಡಿ ಇದ್ದರೆ ಮೂಲೆ ನೇರ. ಇಲ್ಲದಿದ್ದರೆ ರಟ್ಟಿನ ಅಚ್ಚು ಕತ್ತರಿಸಿ ಕಾರ್ಖಾನೆಗೆ ಕೊಡಿ. ಕಲ್ಲು ಆರಿಸುವಾಗ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಕಲೆಯಂತೆ ಕಪ್ಪಾದರೆ ಅದು ಕೊಬ್ಬರಿ ಎಣ್ಣೆಯನ್ನೂ ಹೀರುತ್ತದೆ. ಅಂಥ ಕಲ್ಲಿಗೆ ಸೀಲರ್ ಬಳಿಯಬೇಕು. ಇದನ್ನು ಮನೆಯವರೇ ಬಳಿಯಬಹುದು. ಕಡಪ ಕಲ್ಲು ಸುಣ್ಣದ ಜಾತಿಯದಾದ್ದರಿಂದ ಹುಣಸೆ, ನಿಂಬೆ, ಮೊಸರಿಗೆ ಹೊಳಪು ಕಳೆದುಕೊಳ್ಳುತ್ತದೆ. ಗ್ರಾನೈಟ್ ಈ ಹುಳಿಯನ್ನು ತಾಳುತ್ತದೆ. ಕಲ್ಲು ಬರುವ ಮುನ್ನ ಕೆಳಗಿನ ಗೋಡೆಗಳ ಮೇಲೆ ರಸಮಟ್ಟ ಇಟ್ಟು ನೋಡಿ. ಕೂರಿಸಿದ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ; ಪೊಳ್ಳು ಸದ್ದು ಬಂದ ಕಡೆ ಗಾರೆ ತುಂಬಿಲ್ಲವೆಂದು ಅರ್ಥ. ಮೇಸ್ತ್ರಿಗೆ ಹಣ ಕೊಡುವ ಮುನ್ನವೇ ಅದನ್ನು ಸರಿಪಡಿಸಿಕೊಳ್ಳಿ.

ಅಳತೆ, ಆಯ್ಕೆ, ತಪಾಸಣೆ ಮನೆಯವರದ್ದು. ಕೊಯ್ಯುವುದು ಮತ್ತು ಎತ್ತಿ ಕೂರಿಸುವುದು ಬಲ್ಲವರದ್ದು. ಬಲ್ಲವರ ಉಸಿರಿನ ಕಾಳಜಿ ಮಾತ್ರ ಇಬ್ಬರಿಗೂ ಸೇರಿದ್ದು.