ಮೂಗಿಗೆ ಬೆಳಕು, ಕೆನ್ನೆಗೆ ನೆರಳು

ಶಾಲಾ ವಾರ್ಷಿಕೋತ್ಸವದ ಸಂಜೆ ಬಣ್ಣ ಹಚ್ಚುವವರ ಮುಂದೆ ಮಗುವನ್ನು ಕೂರಿಸಿದ ತಾಯಂದಿರು ಹೇಳುವ ಮಾತು ಬಹುಮಟ್ಟಿಗೆ ಒಂದೇ: 'ಸ್ವಲ್ಪ ಬೆಳ್ಳಗೆ ಕಾಣೋ ಹಂಗೆ ಮಾಡ್ರಿ.' ಅವರೂ ಮಾಡಿಬಿಡುತ್ತಾರೆ. ಕಪ್ಪು ಮಗುವಿಗೂ ಗೋಧಿ ಬಣ್ಣದ ಮಗುವಿಗೂ ಒಂದೇ ಡಬ್ಬಿ. ವೇದಿಕೆಯ ದೀಪ ಹತ್ತಿದಾಗ ಮೂಗೂ ಇಲ್ಲ, ಗಲ್ಲವೂ ಇಲ್ಲ. ಸುಣ್ಣ ಬಳಿದ ಗೋಡೆಯಂಥ ಮುಖಗಳು. ಕುತ್ತಿಗೆ ಮಾತ್ರ ಹುಟ್ಟುಬಣ್ಣದಲ್ಲೇ ಉಳಿದಿರುತ್ತದೆ!

ಪ್ರಸಾಧನದ ಮುಖ್ಯ ಕೆಲಸ ನೆರಳು ಬೆಳಕಿನ ಹಂಚಿಕೆ. ತಿಳಿ ಬಣ್ಣ ಹಚ್ಚಿದ ಭಾಗ ಕಣ್ಣಿಗೆ ಮುಂದೆ ಬಂದಂತೆ, ಗಾಢ ಬಣ್ಣದ ಭಾಗ ಹಿಂದೆ ಸರಿದಂತೆ ಕಾಣುತ್ತದೆ. ಈಗಿನ ಹುಡುಗಿಯರು ಕಾಂಟೂರ್, ಹೈಲೈಟ್ ಎನ್ನುವುದು ಇದನ್ನೇ. 1964ರಲ್ಲಿ ಆರಂಭವಾದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಂಥ ಕಡೆ ಚಿತ್ರಕಲೆ ಕಲಿಯುವವರು ಇದ್ದಿಲಿನಿಂದ ಚೆಂಡಿಗೆ ಛಾಯೆ ಕೊಡುವಾಗ ನಂಬುವುದೂ ಇದೇ ಸೂತ್ರವನ್ನು.

ಹರಿಹರಕ್ಕೆ ಹೋದರೆ ಕಲ್ಲಿನಲ್ಲೇ ಪಾಠ ಸಿಗುತ್ತದೆ. ಹೊಯ್ಸಳ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳಿಗೆ ಬಣ್ಣವಿಲ್ಲ. ಉಬ್ಬಿದ ಏಣಿನ ಮೇಲೆ ಬೆಳಕು, ತಗ್ಗಿನಲ್ಲಿ ನೆರಳು; ಅದರಿಂದಲೇ ಆಕಾರ. ಶಿಲ್ಪಿ ಕೊರೆದು ಪಡೆದ ಆಳವನ್ನು ಪ್ರಸಾಧನದವರು ಬ್ರಶ್ಶಿನಿಂದ ಪಡೆಯಬೇಕು.

ದಾವಣಗೆರೆಗೆ ಈ ವಿದ್ಯೆ ಹೊಸದೇನಲ್ಲ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಅವರ ಮಗಳು ಚಿಂದೋಡಿ ಲೀಲಾ (ನಿಧನ 2010) 'ಪೊಲೀಸನ ಮಗಳು' ನಾಟಕದಿಂದ ಮನೆಮಾತಾದರು. 1988ರಲ್ಲಿ ಪದ್ಮಶ್ರೀ ಪಡೆದರು. ಕಂಪನಿ ನಾಟಕದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಣ್ಣು, ಹುಬ್ಬು ಕಾಣಬೇಕು. ಎದುರಿನ ಪ್ರಖರ ದೀಪ ಮುಖವನ್ನು ಚಪ್ಪಟೆ ಮಾಡುತ್ತದೆ. ಕಳೆದುಹೋದ ಏರುತಗ್ಗನ್ನು ಬಣ್ಣವೇ ಮರಳಿ ತರಬೇಕು. ಹಾಗೆಂದು ರಂಗದ ಗಾಢ ಗೆರೆಗಳನ್ನೇ ಮದುವೆ ಮನೆಗೆ ಹಚ್ಚಿಕೊಂಡು ಹೋದರೆ ಮಸಿ ಮೆತ್ತಿದಂತೆ ಕಾಣುತ್ತದೆ. ನೋಡುವವರು ಎಷ್ಟು ದೂರ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಕಾಲೇಜು ನಾಟಕದಲ್ಲಿ ಇಪ್ಪತ್ತರ ಹುಡುಗ ಅಜ್ಜನಾಗಬೇಕೆಂದುಕೊಳ್ಳಿ. ಹಣೆಗೆ ನಾಲ್ಕು ಕಪ್ಪು ಗೆರೆ ಎಳೆದರೆ ಅಜ್ಜನಾಗುವುದಿಲ್ಲ. ಕೆನ್ನೆ ಒಳಗೆಳೆದುಕೊಂಡಾಗ ಮೂಳೆಯ ಕೆಳಗೆ ಬೀಳುವ ಗುಳಿ, ಕಣ್ಣಿನ ಕುಳಿ, ಕಪೋಲದ ತಗ್ಗು ಇವಕ್ಕೆ ಚರ್ಮಕ್ಕಿಂತ ಎರಡು ಛಾಯೆ ಗಾಢವಾದ ಕಂದು. ಮೂಳೆಯ ಮೇಲೆ ತಿಳಿ ಬಣ್ಣ. ಮೂಗಿನ ಪಕ್ಕದಿಂದ ಬಾಯಿಯ ಕಡೆ ಇಳಿಯುವ ಸುಕ್ಕಿಗೆ ಗಾಢ ಗೆರೆ, ಅದಕ್ಕೆ ಅಂಟಿಕೊಂಡೇ ತಿಳಿ ಗೆರೆ. ಎರಡೂ ಕೂಡುವ ಅಂಚು ಚೂಪಾಗಿರಲಿ, ಹೊರ ಅಂಚನ್ನು ಬೆರಳಿನಿಂದ ಕರಗಿಸಿ. ನೆರಳಿನ ಜೊತೆ ಬೆಳಕಿಲ್ಲದಿದ್ದರೆ ಸುಕ್ಕು ಸುಕ್ಕೆನಿಸದು, ಗೀಚಿದಂತಿರುತ್ತದೆ.

ಕಪ್ಪು ಚರ್ಮಕ್ಕೆ ಬಿಳಿ ಹೈಲೈಟ್ ಹಚ್ಚಿದರೆ ಬೂದಿ ಬಡಿದಂತಾಗುತ್ತದೆ. ಹೊನ್ನಿನ ಅಥವಾ ತಾಮ್ರದ ಛಾಯೆ ಸಾಕು, ಮುಖ ತಾನಾಗಿ ಬೆಳಗುತ್ತದೆ. ಫೌಂಡೇಶನ್ ಆರಿಸುವಾಗ ದವಡೆಯ ಬಳಿ ಹಚ್ಚಿ ಹಗಲು ಬೆಳಕಿನಲ್ಲಿ ನೋಡಿ. ಕುತ್ತಿಗೆಯೊಡನೆ ಬೆರೆತು ಕಾಣೆಯಾದದ್ದೇ ಸರಿಯಾದ ಬಣ್ಣ. 'ಬೆಳ್ಳಗೆ ಮಾಡಿ' ಎಂಬ ಮಾತನ್ನು ಆರು ವರ್ಷದ ಮಗಳು ಕೇಳಿಸಿಕೊಳ್ಳುತ್ತಾಳೆ. ಬಣ್ಣ ತೊಳೆದ ಮೇಲೂ ಆ ಮಾತು ಅವಳಲ್ಲಿ ಉಳಿಯುತ್ತದೆ ಎಂಬುದನ್ನು ಹಿರಿಯರು ಯೋಚಿಸಬೇಕು. ಅಂದಹಾಗೆ, ಚಿಕ್ಕ ಮಕ್ಕಳ ದುಂಡು ಕೆನ್ನೆಗೆ ಕಾಂಟೂರ್ ಏಕೆ ಬೇಕು?

ಹಿಂದೆ ಯಕ್ಷಗಾನದಂಥ ಕಲೆಗಳಲ್ಲಿ ಬಳಸುತ್ತಿದ್ದ ಇಂಗಳೀಕದಲ್ಲಿ ಪಾದರಸ, ಅರದಾಳದಲ್ಲಿ ಆರ್ಸೆನಿಕ್ ಇರುತ್ತಿತ್ತು. ಹೆಸರಿಲ್ಲದ ಅಗ್ಗದ ಬಣ್ಣ ಇಂದಿಗೂ ಬೇಡ. ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಹಚ್ಚಿ ತುರಿಕೆ ಬರುತ್ತದೆಯೇ ನೋಡಿ. ಹತ್ತು ಮಕ್ಕಳಿಗೆ ಒಂದೇ ಸ್ಪಂಜು ಸಲ್ಲದು.

ಇದನ್ನೇ ವೃತ್ತಿ ಮಾಡಿಕೊಳ್ಳುವ ಆಸೆಯಿರುವ ಮಕ್ಕಳನ್ನು ಗದರಿಸುವ ಅಗತ್ಯವಿಲ್ಲ. 1980ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಂಥ ಕಡೆ ನಟನೆಯ ಜೊತೆ ಪ್ರಸಾಧನವನ್ನೂ ಕಲಿಯಬಹುದು. ಮದುವೆ, ಕಿರುತೆರೆ, ಸಿನಿಮಾಗಳಲ್ಲಿ ಕೆಲಸವಿದೆ. ಅದಕ್ಕೆ ಮುಂಚೆ ಮನೆಯಲ್ಲೇ ಒಂದು ಅಭ್ಯಾಸ: ಕತ್ತಲ ಕೋಣೆಯಲ್ಲಿ ಕನ್ನಡಿಯ ಮುಂದೆ ಕೂತು ಮೇಜಿನ ದೀಪವನ್ನು ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಹಿಡಿದು ನೋಡಿ. ನೆರಳು ಎಲ್ಲೆಲ್ಲಿ ಬಿತ್ತೆಂದು ಪೆನ್ಸಿಲ್ಲಿನಲ್ಲಿ ಗುರುತಿಸಿ. ದುಬಾರಿ ಕಿಟ್ ಕೊಳ್ಳುವುದು ಆಮೇಲೆ.