ಸೀಸೆಯ ಜಾತಕ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಆ ಚಿತ್ರ ನೆನಪಿರುತ್ತದೆ: ಕೆಳಗೆ ಕುದಿಯುವ ನೀರು, ಮೇಲೆ ಮೀಥೇನ್, ಅಮೋನಿಯಾ, ಹೈಡ್ರೋಜನ್ ತುಂಬಿದ ಗಾಜಿನ ಬುರುಡೆ, ಅದರೊಳಗೆ ವಿದ್ಯುತ್ ಕಿಡಿ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಯೂರಿ ಅವರ ಶಿಷ್ಯರಾಗಿದ್ದ ಸ್ಟ್ಯಾನ್ಲಿ ಮಿಲ್ಲರ್ 1953ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಆಗ ಅವರಿಗೆ 23 ವರ್ಷ. ನಿರ್ಜೀವ ಅನಿಲಗಳಿಂದ ಅಮೈನೋ ಆಮ್ಲಗಳು ಹುಟ್ಟಿದವು ಎಂಬಲ್ಲಿಗೆ ಪಠ್ಯದ ಕಥೆ ಮುಗಿಯುತ್ತದೆ. ಬುರುಡೆಯಿಂದ ಹೊರಬಂದ ಆ ದ್ರವ ಮುಂದೆ ಏನಾಯಿತು?

ಮಿಲ್ಲರ್ ಅದನ್ನು ಚೆಲ್ಲಲಿಲ್ಲ. ಒಣಗಿಸಿದ ಮಾದರಿಗಳನ್ನು ಪುಟ್ಟ ಸೀಸೆಗಳಲ್ಲಿ ತುಂಬಿ, ಲೇಬಲ್ ಅಂಟಿಸಿ, ಪೆಟ್ಟಿಗೆಗಳಲ್ಲಿ ಇಟ್ಟುಕೊಂಡರು. ಷಿಕಾಗೊ ಬಿಟ್ಟು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಕೆಲಸ ಮಾಡಿ, 1960ರಲ್ಲಿ ಸ್ಯಾನ್ ಡಿಯಾಗೊಗೆ ಹೋಗಿ ನೆಲೆಸಿದರೂ ಸೀಸೆಗಳನ್ನು ಕೈಬಿಡಲಿಲ್ಲ. 2007ರ ಮೇ ತಿಂಗಳಲ್ಲಿ ಅವರು ತೀರಿಕೊಂಡ ಮೇಲೆ ಪೆಟ್ಟಿಗೆಗಳು ಶಿಷ್ಯ ಜೆಫ್ರಿ ಬಾಡಾ ಅವರ ಪಾಲಿಗೆ ಬಂದವು.

ಮಿಲ್ಲರ್ ಒಂದೇ ಬಗೆಯ ಉಪಕರಣ ಬಳಸಿರಲಿಲ್ಲ. ಕಿಡಿ ಹಾರುವ ಜಾಗಕ್ಕೆ ಬಿಸಿ ಹಬೆಯನ್ನು ರಭಸದಿಂದ ನುಗ್ಗಿಸುವ ಇನ್ನೊಂದು ವಿನ್ಯಾಸವೂ ಇತ್ತು. ಜ್ವಾಲಾಮುಖಿಯ ಸುತ್ತಲಿನ ವಾತಾವರಣವನ್ನು ಅದು ಹೋಲುತ್ತದೆ. ಅದರ 11 ಸೀಸೆಗಳನ್ನು ಬಾಡಾ ಮತ್ತು ಸಂಗಡಿಗರು ಇಂದಿನ ಉಪಕರಣಗಳಲ್ಲಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು: 22 ಅಮೈನೋ ಆಮ್ಲ, 5 ಅಮೈನ್. ಇವುಗಳಲ್ಲಿ ಹಲವು ಮಿಲ್ಲರ್ ಕಣ್ಣಿಗೆ ಬಿದ್ದಿರಲೇ ಇಲ್ಲ. ಅವರ ಕೈಯಲ್ಲಿ ಅಂದು ಇದ್ದದ್ದು ಕಾಗದದ ಮೇಲೆ ಕಲೆಗಳನ್ನು ಬೇರ್ಪಡಿಸಿ ನೋಡುವ ವಿಧಾನವಷ್ಟೆ. ಮತ್ತೊಂದು ಕಟ್ಟು 1958ರದು. ಅನಿಲಗಳ ಜೊತೆ ಹೈಡ್ರೋಜನ್ ಸಲ್ಫೈಡ್ ಬೆರೆಸಿ ನಡೆಸಿದ್ದ ಆ ಪ್ರಯೋಗದ ಫಲಿತಾಂಶವನ್ನು ಮಿಲ್ಲರ್ ಪ್ರಕಟಿಸಿಯೇ ಇರಲಿಲ್ಲ. 2011ರಲ್ಲಿ ಅದರಿಂದ 23 ಅಮೈನೋ ಆಮ್ಲಗಳು ಹೊರಬಿದ್ದವು; ಗಂಧಕವಿರುವ ಮಿಥಿಯೊನಿನ್ ಕೂಡ ಅವುಗಳಲ್ಲಿತ್ತು.

ಪತ್ರಿಕೆಗಳು ಇದನ್ನು ಅದೃಷ್ಟದ ಕಥೆಯಾಗಿ ಬರೆದವು. ನನಗೆ ಹಾಗನ್ನಿಸುವುದಿಲ್ಲ. ಸೀಸೆಗಳು ಮಾತ್ರ ಉಳಿದು ಮಿಲ್ಲರ್ ಅವರ ಪ್ರಯೋಗದ ನೋಟ್‌ಬುಕ್ಕುಗಳು ಕಳೆದಿದ್ದರೆ ಅದು ಬರೀ ಒಣಗಿದ ಕಲೆ. ಯಾವ ಅನಿಲ, ಯಾವ ಉಪಕರಣ, ಎಷ್ಟು ಹೊತ್ತು ಕಿಡಿ ಎಂಬ ಜಾತಕ ಇಲ್ಲದ ಸೀಸೆಯಿಂದ ಯಾವ ವಿಜ್ಞಾನಿಗೂ ಪ್ರಯೋಜನವಿಲ್ಲ. ನೋಟ್‌ಬುಕ್ ಉಳಿದು ಸೀಸೆ ಒಡೆದಿದ್ದರೆ ಮಿಲ್ಲರ್ ಅಂದು ಬರೆದದ್ದನ್ನಷ್ಟೇ ಓದಬಹುದಿತ್ತು, ಹೊಸದಾಗಿ ಏನನ್ನೂ ಅಳೆಯಲಾಗುತ್ತಿರಲಿಲ್ಲ.

ವಸ್ತು ಮತ್ತು ದಾಖಲೆ ಎಂಬ ಈ ಜೋಡಿಯಲ್ಲಿ ದಾಖಲೆಯ ಭಾಗವನ್ನು ಮೊದಲು ಗಟ್ಟಿ ಮಾಡಿಕೊಂಡವರಲ್ಲಿ ಹರಳುಗಳ ರಚನೆ ಅಭ್ಯಸಿಸುವವರು ಪ್ರಮುಖರು. 1965ರಲ್ಲಿ ಕೇಂಬ್ರಿಜ್‌ನಲ್ಲಿ ಓಲ್ಗಾ ಕೆನಾರ್ಡ್ ಅವರು, ಲೋಕದಲ್ಲಿ ಪ್ರಕಟವಾದ ಸಾವಯವ ಅಣುಗಳ ರಚನೆಗಳನ್ನೆಲ್ಲ ಒಂದೆಡೆ ಕೂಡಿಸತೊಡಗಿದರು. ಬಿಡಿಬಿಡಿಯಾಗಿ ಕಾಣದ ಸತ್ಯ ಒಟ್ಟಾಗಿ ನೋಡಿದಾಗ ಕಾಣುತ್ತದೆ ಎಂಬುದು ಅವರ ನಂಬಿಕೆ. 2019ರಲ್ಲಿ ಆ ಭಂಡಾರ 10 ಲಕ್ಷ ರಚನೆಗಳನ್ನು ಮುಟ್ಟಿತು. ಹೈದರಾಬಾದಿನಲ್ಲಿ ದುಡಿದು ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಗೌತಮ್ ದೇಸಿರಾಜು, ಅಣುಗಳ ನಡುವಿನ ದುರ್ಬಲ ಹೈಡ್ರೋಜನ್ ಬಂಧಗಳ ಬಗ್ಗೆ ನಡೆಸಿದ ಅಧ್ಯಯನಕ್ಕೆ ಇದೇ ಭಂಡಾರ ಆಧಾರವಾಯಿತು. ಆದರೆ ಅಲ್ಲಿರುವುದು ಅಂಕಿಗಳು. ಹರಳುಗಳು ತಂತಮ್ಮ ಲ್ಯಾಬುಗಳಲ್ಲೇ ಉಳಿದವು.

ಲ್ಯಾಬುಗಳ ಸ್ಥಿತಿ ಬಲ್ಲವರಿಗೆ ಗೊತ್ತು. ಪಿಎಚ್‌.ಡಿ. ವಿದ್ಯಾರ್ಥಿ ಐದಾರು ವರ್ಷ ಬೆವರು ಸುರಿಸಿ ನೂರಾರು ಸಂಯುಕ್ತಗಳನ್ನು ತಯಾರಿಸುತ್ತಾನೆ. ಸೀಸೆಯ ಮೇಲೆ ತನ್ನ ಹೆಸರಿನ ಮೊದಲಕ್ಷರ, ಒಂದು ಸಂಖ್ಯೆ. ಪದವಿ ಕೈಗೆ ಬಂದ ಕೂಡಲೇ ಹೊರದೇಶಕ್ಕೆ ಹೊರಡುತ್ತಾನೆ. ಎರಡು ವರ್ಷದಲ್ಲಿ ಅಸಿಟೋನ್ ತಾಗಿ ಲೇಬಲ್ಲಿನ ಶಾಯಿ ಅಳಿಸುತ್ತದೆ, ಸ್ಪೆಕ್ಟ್ರಮ್‌ಗಳು ಯಾವುದೋ ಹಳೆಯ ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಫ್ರೀಜರಿನಲ್ಲಿ ಜಾಗ ಬೇಕಾದಾಗ ಎಲ್ಲವೂ ತ್ಯಾಜ್ಯದ ಡಬ್ಬಕ್ಕೆ. ಸಾರ್ವಜನಿಕರ ದುಡ್ಡಿನಲ್ಲಿ ಹುಟ್ಟಿದ ವಸ್ತುವಿಗೆ ಇಂಥ ಗತಿ ಬರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಜರ್ಮನಿಯ ಕಾರ್ಲ್ಸ್‌ರೂಹೆ ತಾಂತ್ರಿಕ ಸಂಸ್ಥೆಯಲ್ಲಿ ಸ್ಟೆಫಾನ್ ಬ್ರೇಸ, ನಿಕೋಲ್ ಯುಂಗ್ ಮತ್ತವರ ತಂಡ ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದಿದೆ. ಒಂದೆಡೆ ಸಂಯುಕ್ತಗಳನ್ನು ಪಡೆದು ಕಾಪಾಡುವ ಅಣು ಭಂಡಾರ. ಇನ್ನೊಂದೆಡೆ 'ಕೆಮೋಷನ್' ಎಂಬ ಎಲೆಕ್ಟ್ರಾನಿಕ್ ಲ್ಯಾಬ್ ನೋಟ್‌ಬುಕ್. 2017ರಲ್ಲಿ ಅದನ್ನು ಪ್ರಬಂಧವೊಂದರ ಮೂಲಕ ಪರಿಚಯಿಸಿ, ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ ಮುಕ್ತ ತಂತ್ರಾಂಶವಾಗಿ ಬಿಟ್ಟರು. ವಿದ್ಯಾರ್ಥಿ ಅಣುವಿನ ರಚನೆಯನ್ನು ತೆರೆಯ ಮೇಲೆ ಬಿಡಿಸುತ್ತಾನೆ. ಎಷ್ಟು ಮಿಲಿಗ್ರಾಂ, ಯಾವ ದ್ರಾವಕ, ಎಷ್ಟು ಬಿಸಿ ಎಂಬುದೂ ಅಣುವಿನ ರಚನೆಯನ್ನು ಖಚಿತಪಡಿಸುವ ಎನ್‌ಎಂಆರ್ ಪರೀಕ್ಷೆಯ ಕಡತವೂ ಅಲ್ಲೇ ಸೇರುತ್ತವೆ. ಅಣುವಿಗೊಂದು ಗುರುತೂ ಸಿಗುತ್ತದೆ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ರೂಪಿಸಿದ 27 ಅಕ್ಷರ-ಚಿಹ್ನೆಗಳ ಈ ಸಂಕೇತವನ್ನು ರಚನೆಯಿಂದಲೇ ಲೆಕ್ಕ ಹಾಕಲಾಗುವುದರಿಂದ, ಯಾವ ದೇಶದ ಯಾವ ಲ್ಯಾಬಿನಲ್ಲಿ ತಯಾರಾದರೂ ಒಂದೇ ಅಣುವಿಗೆ ಒಂದೇ ಗುರುತು.

ತಂತ್ರಾಂಶಕ್ಕಿಂತ ಕಷ್ಟವಾದದ್ದು ಅಭ್ಯಾಸ. ಕೈಗವಸು ತೊಟ್ಟು ಫ್ಯೂಮ್ ಹುಡ್ ಮುಂದೆ ನಿಂತವರಿಗೆ ಕೀಲಿಮಣೆ ಅಡ್ಡಿಯೇ. ಸಂಜೆ ಬರೆದರಾಯಿತು ಎಂದುಕೊಂಡ ವಿವರ ಸಂಜೆಯ ಹೊತ್ತಿಗೆ ಅರ್ಧ ಮರೆತಿರುತ್ತದೆ. ದಾಖಲಿಸುವುದು ಸಂಶೋಧನೆ ಮುಗಿದ ಮೇಲಿನ ಗುಮಾಸ್ತಗಿರಿ ಎಂದು ಭಾವಿಸುವ ಮಾರ್ಗದರ್ಶಕರಿರುವವರೆಗೆ ಯಾವ ವ್ಯವಸ್ಥೆಯೂ ನಡೆಯದು. ಅಂಕಿಅಂಶ ಹುಡುಕಿದರೆ ಸಿಗುವಂತಿರಬೇಕು, ಮರುಬಳಕೆಗೆ ಬರುವಂತಿರಬೇಕು ಎಂಬ ತತ್ವಗಳನ್ನು 2016ರಲ್ಲಿ ವಿಜ್ಞಾನಿಗಳ ಗುಂಪೊಂದು ಬರೆದಿಟ್ಟಿತು. 2020ರಲ್ಲಿ ಜರ್ಮನಿ ರಸಾಯನಶಾಸ್ತ್ರದ ದತ್ತಾಂಶಕ್ಕೆಂದೇ ರಾಷ್ಟ್ರೀಯ ಯೋಜನೆಯೊಂದನ್ನು ಶುರುಮಾಡಿತು. ಹಣ ಮತ್ತು ನಿಯಮ ಎರಡೂ ಒಟ್ಟಿಗೆ ಬಂದಾಗಲೇ ಅಭ್ಯಾಸ ಬದಲಾಗುತ್ತದೆ ಎಂಬ ಅರಿವು ಆ ನಿರ್ಧಾರದಲ್ಲಿದೆ.

ಅಣು ಭಂಡಾರಕ್ಕೆ ಕೊಟ್ಟ ಸಂಯುಕ್ತವನ್ನು ಜೀವಶಾಸ್ತ್ರದ ತಂಡಗಳು ಪರೀಕ್ಷೆಗೆ ಕೇಳಿ ಪಡೆಯಬಹುದು. ಬೇರೆ ಯಾವುದೋ ಕಾರಣಕ್ಕೆ ತಯಾರಿಸಿದ ಅಣುವಿಗೆ, ತಯಾರಿಸಿದಾತ ಸಂಸ್ಥೆ ಬಿಟ್ಟುಹೋದ ಮೇಲೂ, ಹೊಸ ಉಪಯೋಗ ಸಿಗುವ ದಾರಿ ಇದರಿಂದ ತೆರೆದಿದೆ.